ಸಾಂಬ್ರಾದಿಂದ ದೇವನಹಳ್ಳಿಗೆ: 445 ಕಿಲೋಮೀಟರಿನ ಲೆಕ್ಕ

ವಿಮಾನಗಳ ಪಯಣ ಯೋಜನೆ ಸಿದ್ಧಪಡಿಸುವುದು ನನ್ನ ಕೆಲಸ. ಬೆಳಗಾವಿಗೆ ಬಂದಾಗಲೆಲ್ಲ ಬಂಧುಗಳು ಕೇಳುವ ಪ್ರಶ್ನೆಯೊಂದಿದೆ: ಗಂಟೆಗೆ 500 ಕಿ.ಮೀ. ಹಾರುವ ವಿಮಾನಕ್ಕೆ ಬೆಂಗಳೂರು ತಲುಪಲು ಒಂದು ಗಂಟೆ ಇಪ್ಪತ್ತು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಏಕೆ ಬೇಕು?

ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೂ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೂ ನಡುವಿನ ನೇರ ದೂರ ಸುಮಾರು 445 ಕಿ.ಮೀ., ಅಂದರೆ ನಮ್ಮ ಅಳತೆಯಲ್ಲಿ 240 ನಾಟಿಕಲ್ ಮೈಲಿ. ಇಂಥ ಸಣ್ಣ ಮಾರ್ಗಗಳಲ್ಲಿ ಹಾರುವ ಎಟಿಆರ್ ಎಂಬ ಪ್ರೊಪೆಲರ್ ವಿಮಾನದ ಆ 500 ಕಿ.ಮೀ. ವೇಗದಿಂದ ಭಾಗಿಸಿದರೆ 53 ನಿಮಿಷ ಬರುತ್ತದೆ. ಆದರೆ ಟಿಕೆಟ್ಟಿನಲ್ಲಿ ಮುದ್ರಿಸಿರುವುದು ಹಾರಾಟದ ಅವಧಿಯಲ್ಲ. ಚಕ್ರಕ್ಕೆ ಒತ್ತಿಟ್ಟ ತಡೆ ತೆಗೆದು ವಿಮಾನ ಕದಲಿದ ಕ್ಷಣದಿಂದ, ಅದು ಇನ್ನೊಂದು ನಿಲ್ದಾಣದಲ್ಲಿ ನಿಂತು ಮತ್ತೆ ತಡೆ ಇಡುವವರೆಗಿನ ಅವಧಿ ಅದು. ನಾವು ಅದನ್ನು ಬ್ಲಾಕ್ ಟೈಮ್ ಎನ್ನುತ್ತೇವೆ. ರನ್‌ವೇವರೆಗಿನ ಓಟ, ಸರದಿ, ಪೂರ್ಣ ವೇಗ ಸಿಗದ ಏರಿಕೆ ಮತ್ತು ಇಳಿಕೆ ಎಲ್ಲವೂ ಅದರೊಳಗೇ ಸೇರಿವೆ. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ (ಗಂಟೆಗೆ 250 ನಾಟಿಕಲ್ ಮೈಲಿ) ವೇಗಮಿತಿಯೂ ಇದೆ.

ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಗಾಳಿ. ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏರುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಎರಡೂ ನಿಲ್ದಾಣಗಳ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿರುವುದರಿಂದ, ಮುಂಗಾರಿನ ಪಡುವಣ ಗಾಳಿ ಬೀಸುವಾಗ ಸಾಂಬ್ರಾದಿಂದ ಹೊರಟ ವಿಮಾನ ಮೊದಲು ಬೆಂಗಳೂರಿಗೆ ಬೆನ್ನು ಮಾಡಿ ಪಶ್ಚಿಮಕ್ಕೆ ಏರಿ, ಆಮೇಲೆ ಆಗ್ನೇಯಕ್ಕೆ ತಿರುಗುತ್ತದೆ. ದೇವನಹಳ್ಳಿ ಸಮೀಪಿಸಿದ ಮೇಲೂ ನೇರವಾಗಿ ಇಳಿಯದೆ, ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ಅಲ್ಲಿಂದ ಮರಳಿ ಪಶ್ಚಿಮಾಭಿಮುಖವಾಗಿ ಇಳಿಯುತ್ತದೆ. ಗಾಳಿ ಬೆನ್ನಿಗಿದ್ದರೆ ವೇಗ ಹೆಚ್ಚುತ್ತದಲ್ಲ ಎಂದು ಕೇಳುವವರಿದ್ದಾರೆ. ನಿಜ, ಆದರೆ ಗಂಟೆಗೆ 30 ಕಿ.ಮೀ. ನೆರವು ಸಿಕ್ಕರೂ ಈ ದೂರದಲ್ಲಿ ಉಳಿಯುವುದು ಮೂರೇ ನಿಮಿಷ. ಬೆಂಗಳೂರಿನ ಆಗಸದಲ್ಲಿ ದಟ್ಟಣೆಯಿದ್ದು ಒಂದು ಸುತ್ತು ಕಾಯಿಸಿದರೆ ನಾಲ್ಕು ನಿಮಿಷ ಹೋಗುತ್ತದೆ.

ಹೀಗಾಗಿ ದೂರ ಕಡಿಮೆಯಾದಷ್ಟೂ ಕಿಲೋಮೀಟರಿನ ಲೆಕ್ಕ ದಾರಿ ತಪ್ಪಿಸುತ್ತದೆ. ಸಾಂಬ್ರಾದಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ನೇರ ದೂರ ಸುಮಾರು 75 ಕಿ.ಮೀ. ಮಾತ್ರ, ಅಲ್ಲಿಗೆ ಹಾರುವ ವಿಮಾನ ಏರಿ ಮುಗಿಸುವ ಮೊದಲೇ ಇಳಿಯಲು ತೊಡಗಬೇಕಾಗುತ್ತದೆ. ದೆಹಲಿಯಂಥ ದೂರದ ಪಯಣದಲ್ಲಿ ಎರಡು ತುದಿಗಳ ಈ ನಿಮಿಷಗಳು ಗಮನಕ್ಕೇ ಬರುವುದಿಲ್ಲ. ಪ್ರಾದೇಶಿಕ ಮಾರ್ಗಗಳಲ್ಲಿ ವೇಳಾಪಟ್ಟಿಯನ್ನು ನಿರ್ಧರಿಸುವುದೇ ಅವು.

ಬಾಗಲಕೋಟೆ, ವಿಜಯಪುರದ ಕಡೆಯಿಂದ ರಸ್ತೆಯಲ್ಲಿ ಗಂಟೆಗಟ್ಟಲೆ ಬಂದು ಸಾಂಬ್ರಾದಲ್ಲಿ ವಿಮಾನ ಹತ್ತುವವರಿಗೆ ನಾನು ಕಾಳಜಿಯಿಂದ ಹೇಳುವುದಿಷ್ಟು: ಬೆಂಗಳೂರಿನಲ್ಲಿ ಮುಂದಿನ ವಿಮಾನ ಹಿಡಿಯಬೇಕಿದ್ದರೆ 53 ನಿಮಿಷದ ಲೆಕ್ಕವನ್ನು ಮರೆತುಬಿಡಿ, ಟಿಕೆಟ್ಟಿನಲ್ಲಿರುವ ತಲುಪುವ ಸಮಯವನ್ನೇ ನೋಡಿ. ಎರಡು ಪಯಣಗಳಿಗೂ ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ, ಮಳೆಗಾಲದಲ್ಲಿ ನಡುವೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಏಕೆಂದರೆ ಮೊದಲ ವಿಮಾನ ತಡವಾಯಿತೆಂದು ಎರಡನೆಯದು ಕಾಯುವುದಿಲ್ಲ, ತಪ್ಪಿದ ಟಿಕೆಟ್ಟಿನ ಹಣವೂ ಬಹುತೇಕ ನಿಮ್ಮ ಕೈಯಿಂದಲೇ ಹೋಗುತ್ತದೆ.