ಜುಮ್ ಅಂದ್ರೆ ಇನ್ನೂ ಜೋರಾಗಿ ಉಜ್ಜಬೇಕಾ?

ತಣ್ಣೀರು ಬಾಯಿಗೆ ಹಾಕಿದರೆ ಹಲ್ಲು ಜುಮ್ ಅನ್ನುತ್ತೆ ಅಂತ ಬಂದವರಿಗೆ ನಾನು ಮೊದಲು ಹೇಳುವುದು, ನಾಳೆ ನಿಮ್ಮ ಬ್ರಷ್ ತನ್ನಿ ಅಂತ. ಶಿವಮೊಗ್ಗದವರು ಇದನ್ನು ತಮಾಷೆ ಅಂದುಕೊಳ್ಳುತ್ತಾರೆ.

ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ತಂದ ಬ್ರಷ್ಷಿನ ಎಳೆಗಳು ಎರಡೂ ಕಡೆಗೆ ಮಲಗಿಬಿಟ್ಟಿದ್ದವು.

"ಹಳೇದಾ?"

"ಇಲ್ಲ ಡಾಕ್ಟ್ರೇ, ಹೋದ ತಿಂಗಳು ತಗೊಂಡಿದ್ದು. ಎಲೆ-ಅಡಿಕೆ ಕವಳದ ಕಲೆ ಹೋಗ್ಲಿ ಅಂತ ಗಟ್ಟಿಯಾಗಿ ತಿಕ್ತೀನಿ."

ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು! ಎಡಗಡೆ ಮೇಲಿನ ಕೋರೆಹಲ್ಲಿನ ಬುಡದಲ್ಲಿ, ವಸಡಿಗೆ ತಾಗಿಕೊಂಡು, ಕೊಡಲಿ ಏಟು ಬಿದ್ದ ಮರದ ಹಾಗೆ ಕಚ್ಚು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಬಲಗೈಯಲ್ಲಿ ಉಜ್ಜುವವರಿಗೆ ಹೆಚ್ಚಾಗಿ ಎಡಗಡೆಯೇ ಸವೆಯುವುದು.

ಹಲ್ಲಿನ ಬೇರಿನ ಮೇಲೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಇರುವುದಿಲ್ಲ. ಅದಕ್ಕೆ ವಸಡೇ ಹೊದಿಕೆ. ಜೋರಾಗಿ ತಿಕ್ಕಿ ತಿಕ್ಕಿ ವಸಡು ಹಿಂದೆ ಸರಿದರೆ ಡೆಂಟಿನ್ ಅನ್ನುವ ಒಳಪದರ ಬಯಲಿಗೆ ಬರುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ಕೊಳವೆಗಳು, ಅವುಗಳಲ್ಲಿ ದ್ರವ. ತಣ್ಣನೆಯದು ತಗುಲಿದರೆ ಆ ದ್ರವ ಅಲ್ಲಾಡಿ ನರಕ್ಕೆ ತಾಗುತ್ತದೆ. ಅದೇ ಜುಮ್. ಕೊಳೆ ಉಳಿದಿದೆ ಅಂತ ಹಲ್ಲು ಕೊಡುವ ಸೂಚನೆ ಅಲ್ಲ ಅದು. ನಮ್ಮವರು ಹಾಗೆ ತಿಳಿದು ಇನ್ನಷ್ಟು ತಿಕ್ಕುತ್ತಾರೆ, ಸಾಲದ್ದಕ್ಕೆ ಉಪ್ಪು, ಇದ್ದಿಲು ಬೇರೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಕವಳದ ಕಲೆ ತೆಗೆಯೋ ಕೆಲಸ ನಮಗೆ ಬಿಡಿ. ಕವಳವನ್ನೇ ಬಿಟ್ಟರೆ ಇನ್ನೂ ಒಳ್ಳೇದು, ಅಡಿಕೆ ನಾಡಲ್ಲಿ ಕೂತು ಇದನ್ನು ಹೇಳೋದು ಕಷ್ಟ.

ಮೆತ್ತನೆ ಬ್ರಷ್ ತಗೊಳ್ಳಿ, ಪೆನ್ ಹಿಡಿದ ಹಾಗೆ ಹಿಡಿಯಿರಿ. ಮುಷ್ಟಿ ಕಟ್ಟಿದರೆ ಜೋರು ಬಂದೇ ಬರುತ್ತದೆ. ನಿಂಬೆ ಪಾನಕ, ಮುರುಗಲು ಶರಬತ್ತು ಕುಡಿದ ಕೂಡಲೇ ಉಜ್ಜಬೇಡಿ. ಹುಳಿಗೆ ಎನಾಮಲ್ ಸ್ವಲ್ಪ ಮೆತ್ತಗಾಗಿರುತ್ತದೆ, ಅರ್ಧ ಗಂಟೆಯಾದರೂ ಬಿಡಿ.

ಸೆನ್ಸಿಟಿವ್ ಪೇಸ್ಟ್ ಮೂರು ದಿನ ಹಚ್ಚಿ "ಏನೂ ಆಗ್ಲಿಲ್ಲ" ಅನ್ನುವವರು ಜಾಸ್ತಿ. ಅದರಲ್ಲಿನ ಪೊಟ್ಯಾಸಿಯಂ ನೈಟ್ರೇಟ್ ನರವನ್ನು ಸುಮ್ಮನಾಗಿಸಲು 2ರಿಂದ 4 ವಾರ ಬೇಕು, ಅದೂ ದಿನಕ್ಕೆ 2 ಸಲ ಬಳಸಿದರೆ. ಉಜ್ಜಿದ ಮೇಲೆ ನೊರೆ ಉಗಿಯಿರಿ ಸಾಕು, ಚೊಂಬುಗಟ್ಟಲೆ ನೀರು ಮುಕ್ಕಳಿಸಬೇಡಿ.

ಎಲ್ಲರದ್ದೂ ಬ್ರಷ್ಷಿನದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹುಳಿತೇಗು, ನಿದ್ದೆಯಲ್ಲಿ ಹಲ್ಲು ಕಡಿಯುವುದು, ವಸಡಿನ ರೋಗ, ಇವುಗಳಿಂದಲೂ ಆಗುತ್ತದೆ. ನೋಡದೆ ಹೇಳುವುದು ಸರಿಯಲ್ಲ. ಆದರೆ ಒಂದೇ ಹಲ್ಲು ನೋಯುತ್ತಿದ್ದರೆ, ಬಿಸಿ ಕಾಫಿ ಕುಡಿದ ನೋವು ನಿಮಿಷಗಟ್ಟಲೆ ಬಿಡದಿದ್ದರೆ, ರಾತ್ರಿ ನಿದ್ದೆಗೆಡಿಸಿದರೆ ಪೇಸ್ಟ್ ಬದಲಿಸುತ್ತಾ ಕೂರಬೇಡಿ. ಹುಳುಕೋ ಬಿರುಕೋ ನರದವರೆಗೂ ಹೋಗಿರಬಹುದು. ಆ ವಾರವೇ ತೋರಿಸಿ.