ಇಬ್ಬರಿಗೂ ಸೊನ್ನೆ, ಆದ್ರೆ ತಪ್ಪು ಒಂದೇ ಅಲ್ಲ

ನಾಲ್ಕನೇ ಕ್ಲಾಸಿನ ನೋಟ್‌ಬುಕ್ ತಿದ್ತಾ ಇದ್ದೆ. 402ರಲ್ಲಿ 178 ಕಳೆಯೋ ಲೆಕ್ಕ, ಒಬ್ಬಳು 376 ಅಂತ ಬರೆದಿದ್ಲು, ಪಕ್ಕದ ಹುಡುಗ 234 ಅಂತ. ಸರಿ ಉತ್ತರ 224. ಇಬ್ಬರಿಗೂ ಇಂಟು ಹಾಕಿ ಮುಂದಿನ ನೋಟ್‌ಬುಕ್ ಎತ್ಕೋಬಹುದಿತ್ತು, ತುಂಬಾ ವರ್ಷ ನಾನೂ ಹಾಗೇ ಮಾಡಿದೀನಿ.

ಹುಡುಗಿ ಬರೆದಿದ್ದನ್ನ ಒಂದೊಂದೇ ಸ್ಥಾನ ನೋಡಿ. ಬಿಡಿಯಲ್ಲಿ 2ರಿಂದ 8 ಹೋಗಲ್ಲ, ಅದಕ್ಕೆ 8ರಲ್ಲಿ 2 ಕಳೆದು 6 ಬರೆದಿದಾಳೆ, ಹತ್ತರ ಸ್ಥಾನದಲ್ಲಿ 0 ಮತ್ತು 7, ಅಲ್ಲೂ ತಿರುಗಿಸಿ 7, ಆಮೇಲೆ 4ರಲ್ಲಿ 1 ಹೋದ್ರೆ 3. ಹಿಂದಿನ ಪುಟದಲ್ಲಿ 81ರಲ್ಲಿ 47 ಕಳೆದು 46 ಅಂತಿದೆ, ಅದೇ ಕಥೆ. ಇದು ಗಮನ ಇಲ್ದೆ ಆದ ತಪ್ಪಲ್ಲ, "ಯಾವಾಗ್ಲೂ ದೊಡ್ಡದ್ರಿಂದ ಚಿಕ್ಕದನ್ನ ಕಳೀಬೇಕು" ಅಂತ ನಾವೇ ಒಂದನೇ ಕ್ಲಾಸಲ್ಲಿ ಹೇಳಿದ ಮಾತನ್ನ ಮಗು ನಿಯತ್ತಾಗಿ ಪಾಲಿಸ್ತಾ ಇದೆ. ಹುಡುಗನದ್ದು ಬೇರೆ. ಅವನು ನೂರರಿಂದ ತಗೊಂಡು ಸೊನ್ನೆಯನ್ನ 10 ಮಾಡಿದಾನೆ, ಅದರಿಂದ ಬಿಡಿಗೆ ಒಂದು ಕೊಟ್ಟ ಮೇಲೆ 9 ಉಳಿಯುತ್ತೆ ಅನ್ನೋದೊಂದು ತಪ್ಪಿಹೋಗಿದೆ ಅಷ್ಟೇ.

ನಾನೀಗ ಉತ್ತರಕ್ಕಲ್ಲ, ಮಾಡಿದ ರೀತಿಗೆ ಅಂಕ ಕೊಡ್ತೀನಿ. ದಾರಿ, ಉತ್ತರ ಎರಡೂ ಸರಿ ಇದ್ರೆ 3, ದಾರಿ ಸರಿ ಇದ್ದು ಒಂದು ಹೆಜ್ಜೆ ತಪ್ಪಿದ್ರೆ 2, ತಪ್ಪು ನಿಯಮ ಹಿಡ್ಕೊಂಡು ಮಾಡಿದ್ರೆ 1, ಏನೂ ಮಾಡದೇ ಇದ್ರೆ 0. ಹುಡುಗನಿಗೆ 2, ಹುಡುಗಿಗೆ 1. ಆ 1 ನನಗೆ ಮುಖ್ಯ, ಏನು ಕಲಿಸ್ಬೇಕು ಅಂತ ಅದು ಹೇಳುತ್ತೆ. ಅವಳ ಕೈಗೆ ಆಟದ ನೂರರ ನಾಲ್ಕು ನೋಟು, ಎರಡು ರೂಪಾಯಿ ನಾಣ್ಯ ಕೊಟ್ಟು 178 ಕೊಡಮ್ಮ ಅಂದೆ. ಸ್ವಲ್ಪ ಹೊತ್ತು ನೋಟನ್ನೇ ತಿರುಗಿಸಿ ನೋಡ್ತಾ ಇದ್ದು "ಮಿಸ್, ಚಿಲ್ರೆ ಮಾಡಿಸ್ಬೇಕು" ಅಂದ್ಲು. ಅದೇ ಬೇಕಾಗಿದ್ದು.

ಸರಿ ಉತ್ತರಾನೂ ನಂಬೋ ಹಾಗಿಲ್ಲ. 0.3, 0.7ರಲ್ಲಿ ಯಾವುದು ದೊಡ್ಡದು ಅಂದ್ರೆ ಎಲ್ಲರೂ ಸರಿ ಹೇಳ್ತಾರೆ, 0.45 ಮತ್ತು 0.5 ಕೇಳಿ ನೋಡಿ, 45 ದೊಡ್ಡದಲ್ವಾ ಅಂತ ಎಷ್ಟೋ ಮಕ್ಕಳು 0.45 ಅಂತಾರೆ. ಹಾಗಾಗಿ ಅಂಕ ಕೊಡೋದಕ್ಕಿಂತ ಮೊದ್ಲು ಪ್ರಶ್ನೆ ಆರಿಸೋದರಲ್ಲೇ ಅರ್ಧ ಕೆಲಸ ಇದೆ.

ಇನ್ನೊಂದು, ಈ ಅಂಕ ಮಗುವಿನ ನೋಟ್‌ಬುಕ್‌ನಲ್ಲಿ ಬರೆಯಲ್ಲ, ನನ್ನ ರಿಜಿಸ್ಟರಲ್ಲಿ ಮಾತ್ರ. 1988ರಲ್ಲಿ ರೂತ್ ಬಟ್ಲರ್ ಅನ್ನೋ ಸಂಶೋಧಕಿ ಇಸ್ರೇಲಿನ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟ ಆಯ್ತು, ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದ್ರು, ಅಂಕದ ಜೊತೆ ಟಿಪ್ಪಣಿ ಸಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡ ಮಗು ಕೆಳಗಿನ ಸಾಲು ಓದಲ್ಲ, ಪಕ್ಕದವನ ಅಂಕ ನೋಡುತ್ತೆ, ಇದು ನಾನೂ ಕ್ಲಾಸಲ್ಲಿ ದಿನಾ ನೋಡಿರೋದೇ. ಹುಡುಗನ ನೋಟ್‌ಬುಕ್‌ನಲ್ಲಿ "ಬಿಡಿಗೆ ಕೊಟ್ಟ ಮೇಲೆ ಹತ್ತರ ಮನೇಲಿ ಎಷ್ಟು ಉಳೀತು?" ಅಂತ ಅಷ್ಟೇ ಬರೆದೆ.

40 ಮಕ್ಕಳದ್ದನ್ನ ದಿನಾ ಹೀಗೆ ನೋಡೋಕಾಗಲ್ಲ, ದಿನಕ್ಕೆ 5 ನೋಟ್‌ಬುಕ್ ನೋಡ್ತೀನಿ, 8 ದಿನಕ್ಕೆ ಒಂದು ಸುತ್ತು ಮುಗಿಯುತ್ತೆ.