ಮ್ಯಾಲ ಖೋಲಿ ಕಟ್ಸೋ ಮುಂಚೆ ಕೆಳಗಿನ ಮೀಟರ್ ಬೋರ್ಡ್ ನೋಡ್ರಿ

ನಮ್ಮ ರಾಯಚೂರಿನ್ಯಾಗ ಮಗನ ಲಗ್ನ ಗೊತ್ತಾತಂದ್ರ ಮಾಳಿಗಿ ಮ್ಯಾಲ ಎರಡು ಖೋಲಿ ಏಳತಾವ. ಸ್ಲ್ಯಾಬ್ ಬಿದ್ದು, ಪ್ಲಾಸ್ಟರ್ ಆಗಿ, ಬಣ್ಣನೂ ಹಚ್ಚಿದ ಮ್ಯಾಲ ವೈರಿಂಗ್ ಕೆಲಸ ಮಾಡೋ ನನಗ ಫೋನ್ ಬರತೈತಿ, "ಅಣ್ಣಾ, ಕೆಳಗಿಂದ ಒಂದು ಲೈನ್ ಎಳದು ಕೊಡ್ರಿ, ಒಂದಿನದ ಕೆಲಸ ಅಷ್ಟ" ಅಂತ. ಲೈನ್ ಎಳಿಯೋದು ಒಂದಿನದ ಕೆಲಸ ಖರೆ, ಆದ್ರ ಆ ಲೈನಿಗೆ ಕರೆಂಟ್ ಎಲ್ಲಿಂದ ಬರಬೇಕು, ಕೆಳಗಿನ ಹಳೇ ವೈರ್ ಅದನ್ನ ತಡಕೊಂತಾವೇನು ಅಂತ ಯಾರೂ ಕೇಳಂಗಿಲ್ಲ.

ಹೋದ ಬ್ಯಾಸಿಗಿಗೆ ಹಿಂಗ ಒಂದು ಮನಿಗೆ ಹೋಗಿದ್ದೆ. ಬಿಲ್ ತರಿಸಿ ನೋಡಿದೆ, ಸ್ಯಾಂಕ್ಷನ್ ಲೋಡ್, ಅಂದ್ರ ಆ ಮನಿಗೆ ಮಂಜೂರಾದ ಲೋಡ್, 2 ಕಿಲೋವ್ಯಾಟ್. ಅಲ್ಲೇ ಹಾಳಿ ಮ್ಯಾಲ ಲೆಕ್ಕ ಬರದು ತೋರಿಸಿದೆ: ಕೆಳಗ ಗೀಸರ್ 2000 ವ್ಯಾಟ್, ಸಂಪಿನ ಒಂದು ಎಚ್‌ಪಿ ಮೋಟರ್ 750, ಫ್ರಿಜ್ಜು 200, ಫ್ಯಾನು ಲೈಟು ಎಲ್ಲಾ ಕೂಡಿ 600, ಮ್ಯಾಲ ಹೊಸಾ ಗೀಸರ್ ಮತ್ತ 2000, ಒಂದೂವರಿ ಟನ್ ಎಸಿ ಸುಮಾರು 1600. ಕೂಡಿಸಿದ್ರ 7150 ವ್ಯಾಟ್. 230 ವೋಲ್ಟಿಗೆ ಭಾಗಿಸಿದ್ರ 31 ಆಂಪಿಯರ್. ಎಲ್ಲಾ ಒಮ್ಮೆಲೆ ಓಡಂಗಿಲ್ಲ ಅಂತೀರಿ, ಒಪ್ಪಿದೆ, ಆದ್ರ ಮುಂಜಾನಿ ಎರಡೂ ಗೀಸರ್ ಹಚ್ಚಿ ಮೋಟರ್ ಚಾಲೂ ಮಾಡಿ ಅಡಿಗಿಮನ್ಯಾಗ ಮಿಕ್ಸಿ ತಿರುವಿದ್ರ ಅದೇ 23 ಆಂಪಿಯರ್ ದಾಟತೈತಿ.

ಆ ಮನ್ಯಾಗ ನಾ ಹೋಗೋದ್ರಾಗನೇ ಯಾರೋ ಒಬ್ಬರು ಕೈ ಆಡಿಸಿ ಹೋಗಿದ್ರು. 16 ಆಂಪಿಯರ್ ಎಂಸಿಬಿ (ಕರೆಂಟ್ ಹೆಚ್ಚು ಹರಿದ್ರ ತಾನೇ ಬಿದ್ದು ಲೈನ್ ಕಡಿಯೋ ಸ್ವಿಚ್) ಪದೇ ಪದೇ ಬೀಳತೈತಿ ಅಂತ ಅದನ್ನ ತಗದು 32 ಹಾಕಿದ್ರು. ಬೀಳೋದು ನಿಂತಿತ್ತು, ಮನಿಯವರಿಗೂ ಸಮಾಧಾನ ಆಗಿತ್ತು. ಆದ್ರ ಎಂಸಿಬಿ ಇರೋದು ವೈರ್ ಕಾಪಾಡೋಕ, ಎರಡೂವರಿ ಸ್ಕ್ವೇರ್ ಎಂಎಂ ವೈರಿಗೆ 32 ಹಾಕಿದ್ರ ವೈರ್ ಸುಟ್ಟರೂ ಅದು ಸುಮ್ನ ಕುಂತಿರತೈತಿ. ಜಾಯಿಂಟ್ ಬಿಚ್ಚಿ ನೋಡಿದ್ರ ಪಿವಿಸಿ ಕರಗಿ ಪೈಪಿಗೆ ಅಂಟಿತ್ತು, ಮೈ ಜುಮ್ ಅಂತು ನನಗ. ಅದಕ್ಕ ಕೈಮುಗದು ಹೇಳ್ತೀನಿ, ಎಂಸಿಬಿ ಬಿದ್ರ ದೊಡ್ಡದು ಹಾಕಸ್ಬ್ಯಾಡ್ರಿ, ಯಾಕ ಬಿತ್ತು ಅಂತ ಹುಡುಕಸ್ರಿ.

ನಮ್ಮ ಕಡೆ ಬಿಸಿಲಿಂದು ಇನ್ನೊಂದು ತೊಂದ್ರೆ ಐತಿ. ಸಾದಾ ಪಿವಿಸಿ ವೈರ್ ಒಳಗಿನ ತಾಮ್ರ 70 ಡಿಗ್ರಿ ತನಕ ಮಾತ್ರ ಕಾಯಬೇಕು. ಏಪ್ರಿಲ್ ಮೇದಾಗ ಹೊರಗ 40 ದಾಟಿರತೈತಿ, ಸ್ಲ್ಯಾಬಿನ್ಯಾಗಿನ ಪೈಪ್ ಅದಕ್ಕಿಂತ ಬಿಸಿ, ಅಂದ್ರ ವೈರಿಗೆ ಕಾಯೋಕ ಉಳಿದ ಜಾಗ ಭಾಳ ಕಮ್ಮಿ, ಮತ್ತ ಎಸಿ ಓಡೋದೂ ಅವಾಗ್ಲೇ. ಹಂಗಾಗಿ ಎಸಿಗೆ, ಗೀಸರಿಗೆ ನಾ 4 ಸ್ಕ್ವೇರ್ ಎಂಎಂ ವೈರು ಬ್ಯಾರೆ ಬ್ಯಾರೆ ಹಾಕ್ತೀನಿ, ಒಂದೇ ಪೈಪಿನ್ಯಾಗ ತುರುಕಂಗಿಲ್ಲ.

ಲೋಡ್ ಜಾಸ್ತಿ ಮಾಡ್ಸೋಕ ಲೈಸೆನ್ಸ್ ಇರೋ ಕಾಂಟ್ರ್ಯಾಕ್ಟರ್ ಕಡಿಂದ ನಮ್ಮ ಭಾಗಕ್ಕ ಕರೆಂಟ್ ಕೊಡೋ ಕಂಪನಿ ಜೆಸ್ಕಾಂಗೆ ಅರ್ಜಿ ಹಾಕಬೇಕು. ಕಿಲೋವ್ಯಾಟ್ ಏರಿದ್ರ ಬಿಲ್ಲಿನ್ಯಾಗ ಫಿಕ್ಸೆಡ್ ಚಾರ್ಜ್ ಏರತೈತಿ ಅಂತ ಮಂದಿ ಹಿಂದೇಟು ಹಾಕ್ತಾರ, ಆದ್ರ ಕಂಬದಿಂದ ಬರೋ ಸರ್ವಿಸ್ ವೈರು, ಮೀಟರು ಆ ಲೋಡಿಗೆ ತಕ್ಕಂಗ ಬದಲಾಗೋದು ಇದರಿಂದನೇ. ಮೀಟರ್ ಸೀಲ್ ನೀವೂ ಮುಟ್ಟಬ್ಯಾಡ್ರಿ, ನಮ್ಮಂಥವರಿಗೂ ಮುಟ್ಟಾಕ ಬಿಡಬ್ಯಾಡ್ರಿ. ಥ್ರೀ ಫೇಸ್, ಅಂದ್ರ ಮೂರು ಲೈನಿನ ಕರೆಂಟ್, ತಗೊಂಡ್ರ ಎಸಿ ಒಂದು ಫೇಸಿಗೆ, ಗೀಸರ್ ಒಂದಕ್ಕ ಹಿಂಗ ಹಂಚಬೇಕು. ಮೂರೂ ಫೇಸಿಗೆ ಕರೆಂಟ್ ವಾಪಸ್ ಹೋಗೋ ವೈರು ನ್ಯೂಟ್ರಲ್, ಅದರ ಜಾಯಿಂಟ್ ಮಾತ್ರ ಗಟ್ಟಿ ಇರ್ಲಿ, ಅದು ಬಿಚ್ಚಿದ್ರ ಲೋಡ್ ಕಮ್ಮಿ ಇರೋ ಫೇಸಿಗೆ 230 ಬದ್ಲಿ 300 ದಾಟಿ ಬಂದು ಟಿವಿ, ಫ್ರಿಜ್ಜು ಒಮ್ಮೆಗೇ ಹೋಗತಾವ.

ಈಗ ಅರ್ತಿಂಗ್. ಇಲ್ಲಿಯ ಎರಿಮಣ್ಣು ಬ್ಯಾಸಿಗ್ಯಾಗ ಬಿರುಕು ಬಿಡತೈತಿ, ಮಣ್ಣು ಪೈಪ್ ಬಿಟ್ಟು ಸರೀತೈತಿ, ಮಳಿಗಾಲದಾಗ ಚಲೋ ಇದ್ದ ಅರ್ತ್ ಮೇ ತಿಂಗಳದಾಗ ಕೆಲಸಕ್ಕ ಬರಂಗಿಲ್ಲ. ಇದ್ದಿಲು, ಉಪ್ಪು ತುಂಬಿ, ನೀರು ಹಾಕೋಕ ಮ್ಯಾಲ ಬಾಯಿ ಬಿಟ್ಟು ಮುಚ್ಚಳ ಕೂಡ್ರಸ್ರಿ. ನಾ ಅಳತಿ ಮಾಡಿ 5 ಓಮ್ ಒಳಗ ಬರೋತನಕ ಬಿಡಂಗಿಲ್ಲ. ಆದ್ರ 5 ಓಮ್ ಬಂದ್ರೂ ಲೆಕ್ಕ ಹಾಕಿ ನೋಡ್ರಿ, ಗೀಸರ್ ಮೈಗೆ ಫೇಸ್ ತಗಲಿದ್ರ ಅರ್ತಿಗೆ ಹರಿಯೋದು 46 ಆಂಪಿಯರ್, ಇದಕ್ಕ 32ರ ಎಂಸಿಬಿ ತಾಸುಗಟ್ಟಲೆ ಬೀಳದಂಗ ಇರಬಹುದು, ಅಷ್ಟೊತ್ತು ಗೀಸರಿನ ಮೈಯಾಗ, ನಲ್ಲಿಯಾಗ ಕರೆಂಟ್. ಅದಕ್ಕ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಚೂರು ಸೋರಿದ್ರೂ ಬಿದ್ದು ಲೈನ್ ಕಡಿಯೋ ಸ್ವಿಚ್) ಬೇಕೇ ಬೇಕು. ರೊಕ್ಕ ಉಳಸೋದಿದ್ರ ಫ್ಯಾನ್ಸಿ ಸ್ವಿಚ್ಚಿನ್ಯಾಗ ಉಳಸ್ರಿ, ಇದರಾಗ ಬ್ಯಾಡ.

ಆ ಮನಿಗೆ ಎಲ್ಲಾ ಹಾಕಿ ಕೊಟ್ಟು ಹದಿನೈದು ದಿನಕ್ಕ ಯಜಮಾನರ ಫೋನ್ ಬಂತು, ಸ್ವಲ್ಪ ಸಿಟ್ಟಿನ್ಯಾಗೇ, "ನೀವು ಹಾಕಿದ ಹೊಸಾದು ದಿನಾ ಮುಂಜಾನಿ ಬೀಳತೈತ್ರಿ, ತಗದುಬಿಡ್ರಿ" ಅಂತ. ಹೋಗಿ ಒಂದೊಂದೇ ಲೈನ್ ಬಿಡಿಸಿ ನೋಡಿದೆ. ಕೆಳಗಿನ ಹಳೇ ಗೀಸರಿನ ಎಲಿಮೆಂಟ್ ಸೀಳಿ ನೀರಿಗೆ ಕರೆಂಟ್ ಬಿಡಾಕತ್ತಿತ್ತು. "ಈ ನೀರಾಗ ನಮ್ಮ ಮೊಮ್ಮಗಳು ಜಳಕ ಮಾಡ್ತಿದ್ದಳಲ್ರೀ" ಅಂತ ಅಜ್ಜಿ ಅಲ್ಲೇ ಕುಂತುಬಿಟ್ರು. ಎಲಿಮೆಂಟ್ ಬದಲಿ ಮಾಡಿದ್ವಿ, ಅವತ್ತಿನಿಂದ ಆರ್‌ಸಿಸಿಬಿ ಬಿದ್ದಿಲ್ಲ.